ಫ್ಲಶಿಂಗ್ ಆಯಿಲ್ ಎಲ್ಲಿ ಅಂತ ಅವರು ನಾಲ್ಕು ಸಲ ಕೇಳಿದರು

ರಿಫೈನರಿ ಕೆಲಸ ಕಲಿಯಲು ನನ್ನ ಕ್ಲಾಸಿಗೆ ಬಂದಿದ್ದ ಮಂಗೋಲಿಯಾದ ಬ್ಯಾಚ್ ಊರಿಗೆ ಮರಳಿ ಎಷ್ಟೋ ದಿನವಾಯಿತು. ಆ ಮಧ್ಯಾಹ್ನ ನೆನಪಾದರೆ ಈಗಲೂ ಮನಸ್ಸು ಚುರ್ರೆನ್ನುತ್ತದೆ.

ಗೋಬಿ ಮರುಭೂಮಿಯ ಸೈನ್‌ಶಾಂಡ್‌ನಲ್ಲಿ ಭಾರತ ಕೊಟ್ಟ ಸಾಲದಲ್ಲಿ ರಿಫೈನರಿ ಕಟ್ಟುತ್ತಿದ್ದಾರೆ. 2018ರಲ್ಲಿ ಅಡಿಗಲ್ಲು ಬಿತ್ತು. ವರ್ಷಕ್ಕೆ 15 ಲಕ್ಷ ಟನ್ ಕ್ರೂಡ್, ಅಂದರೆ ಕಚ್ಚಾ ಎಣ್ಣೆ, ಸಂಸ್ಕರಿಸುವಂಥದ್ದು. ನೆಲದಲ್ಲಿ ಎಣ್ಣೆ ಇದ್ದರೂ ಪೆಟ್ರೋಲ್, ಡೀಸೆಲ್‌ಗೆ ರಷ್ಯಾದ ಕಡೆ ನೋಡಬೇಕಾದ ದೇಶ ಅದು. ಕಲಿಯಲು ಬಂದವರಿಗೆ ಎಷ್ಟು ಹುರುಪಿತ್ತು ಅಂದರೆ ಟೀ ಬ್ರೇಕ್‌ನಲ್ಲೂ ಪಿ ಅಂಡ್ ಐಡಿ (ಪೈಪ್, ವಾಲ್ವ್, ಉಪಕರಣಗಳ ನಕ್ಷೆ) ಬಿಡಿಸಿಕೊಂಡು ಕೂರುತ್ತಿದ್ದರು.

ಅವತ್ತು ಸಿಮ್ಯುಲೇಟರ್‌ನಲ್ಲಿ, ಅಂದರೆ ಘಟಕ ನಡೆಸುವುದನ್ನು ಕಲಿಸುವ ಕಂಪ್ಯೂಟರ್ ಮಾದರಿಯಲ್ಲಿ, ಹೀಟರ್‌ಗೆ ಕ್ರೂಡ್ ತಳ್ಳುವ ಚಾರ್ಜ್ ಪಂಪ್ ತಟ್ಟನೆ ನಿಲ್ಲುವಂತೆ ಟ್ರಿಪ್ ಕೊಟ್ಟೆ. ಸ್ಟ್ಯಾಂಡ್‌ಬೈ ಪಂಪ್ ಕೂಡ ಸ್ಟಾರ್ಟ್ ಆಗದಂತೆ ಮಾಡಿದ್ದೆ. ಹೀಟರ್ ಒಳಗಿನ ಕಾಯಿಲ್ ಕೊಳವೆಗಳ ಹರಿವು (ಪಾಸ್ ಫ್ಲೋ) ಬಿತ್ತು, ಅಲಾರ್ಮ್ ಮೇಲೆ ಅಲಾರ್ಮ್. ಕನ್ಸೋಲ್‌ನಲ್ಲಿದ್ದವರು ಮಾತು ಕಡಿಮೆಯ ಆಪರೇಟರ್. ಹೀಟರ್ ಫ್ಯೂಯೆಲ್ ಕಟ್ ಮಾಡಿದರು, ಕಾಯಿಲ್‌ಗೆ ಸ್ಟೀಮ್ ಕೊಟ್ಟರು. ನನ್ನ ಪ್ರಕಾರ ಕೆಲಸ ಮುಗಿದಿತ್ತು, ಪಂಪ್ ರೆಡಿಯಾಗುವವರೆಗೆ ಕಾದರೆ ಸಾಕು. ಅವರು ಕಾಯಲಿಲ್ಲ. ಸ್ಕ್ರೀನ್ ಮೇಲೆ ಸ್ಕ್ರೀನ್ ಬದಲಿಸುತ್ತಾ ಏನೋ ಹುಡುಕಿದರು. ‘ಫ್ಲಶಿಂಗ್ ಆಯಿಲ್ ಎಲ್ಲಿ?’ ದುಭಾಷಿ ಹೇಳುವ ಮೊದಲೇ ನನಗೆ ಕೇಳಿಸಿತ್ತು. ನಿಂತ ಲೈನಿನಲ್ಲಿ ಉಳಿದ ದಪ್ಪ ಎಣ್ಣೆಯನ್ನು ತಳ್ಳಿ ಹೊರಹಾಕುವ ತೆಳು ಎಣ್ಣೆ ಅದು. ನಮ್ಮ ಮಾಡೆಲ್‌ನಲ್ಲಿ ಅದರ ವಾಲ್ವೇ ಇಲ್ಲ. ಮತ್ತೆ ಕೇಳಿದರು. ಮೂರನೇ ಸಲ ದನಿ ಏರಿತ್ತು, ಮೌಸ್ ಹಿಡಿದ ಕೈ ನಡುಗುತ್ತಿತ್ತು. ಗಾಬರಿಯಾಗಿದ್ದಾರೆ ಅಂದುಕೊಂಡೆ. ನಾಲ್ಕನೇ ಸಲ ಕೇಳಿದಾಗ ‘ಸುಮ್ನೆ ಕಾಯಿರಿ’ ಎಂದು ಎಲ್ಲರೆದುರು ಗದರಿದೆ. ಅವರು ಕುರ್ಚಿ ಬಿಟ್ಟು ಎದ್ದರು. ನಾನು ‘ಅನುತ್ತೀರ್ಣ’ ಅಂತ ಬರೆದೆ.

ಸಂಜೆ ದುಭಾಷಿಯನ್ನು ಕರೆದುಕೊಂಡು ಬಂದರು. ‘ನಮ್ಮ ಕ್ರೂಡ್‌ನಲ್ಲಿ ಮೇಣ ಜಾಸ್ತಿ. ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ನಿಂತ ಲೈನ್ ಗಟ್ಟಿಯಾದರೆ ಮತ್ತೆ ಪಂಪ್ ಆಗುವುದಿಲ್ಲ.’ ಅಷ್ಟೇ ಹೇಳಿದರು.

ಮರುದಿನ ಲ್ಯಾಬ್‌ಗೆ ಹೋದೆ. ರಾಜಸ್ಥಾನದ ಬಾರ್ಮೇರ್ ಕಡೆಯ ಕ್ರೂಡ್ ಸ್ಯಾಂಪಲ್ ಇತ್ತು. ಪೋರ್ ಪಾಯಿಂಟ್, ಅಂದರೆ ಹರಿಯಲು ಬೇಕಾದ ಕನಿಷ್ಠ ಉಷ್ಣತೆ, 40 ಡಿಗ್ರಿ ದಾಟುವ ಎಣ್ಣೆ. ಟ್ಯೂಬನ್ನು ಅಡ್ಡ ಹಿಡಿದೆ. ಐದು ಸೆಕೆಂಡ್. ಬೂಟ್ ಪಾಲಿಶ್ ಹಾಗೆ ಕಪ್ಪಗೆ, ಅಲುಗಲೇ ಇಲ್ಲ. ಹೊರಗೆ ಕರಾವಳಿಯ ಸೆಕೆ! ಬಾರ್ಮೇರ್‌ನಿಂದ ಗುಜರಾತ್‌ಗೆ ಈ ಎಣ್ಣೆಯನ್ನು ಒಯ್ಯುವ ಪೈಪ್‌ಲೈನನ್ನು ದಾರಿಯುದ್ದಕ್ಕೂ ಬಿಸಿ ಮಾಡಿ ಇಡುತ್ತಾರೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರಿಗೆ ನಾನು ಕಲಿಸಿದ್ದು ಗಲ್ಫ್ ಕ್ರೂಡ್, ಕರಾವಳಿಯ ಹವೆ. ನಿಮ್ಮ ಎಣ್ಣೆ ಎಂಥದ್ದು ಅಂತ ಮೊದಲ ದಿನವೇ ಕೇಳಬೇಕಿತ್ತು ಅಲ್ವಾ?

ಕ್ಲಾಸಿನಲ್ಲಿ ಎಲ್ಲರೆದುರು ಕ್ಷಮೆ ಕೇಳಿದೆ. ಮಾರ್ಕ್ಸ್ ತಿದ್ದಲು ಮೂರು ಸಹಿ ಬೇಕಾಯಿತು. ಬಾರ್ಮೇರ್‌ಗೆ ಎರಡು ದಿನ ಕರೆದೊಯ್ಯೋಣ ಎಂದರೆ ಮೇಲಿನವರು ಬಜೆಟ್ ಇಲ್ಲ ಎಂದರು. ಊರು ಸುತ್ತಿಸುವುದಕ್ಕೆ ಒಂದಿಡೀ ದಿನ ಇತ್ತು, ಬಸ್ಸೂ ಇತ್ತು. ಇದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಸಿಮ್ಯುಲೇಟರ್‌ನಲ್ಲಿ ಆ ವಾಲ್ವ್ ಇನ್ನೂ ಬಂದಿಲ್ಲ. ಅದರ ಲೈನಪ್ಪನ್ನು, ಅಂದರೆ ಯಾವ ವಾಲ್ವ್ ತೆರೆಯಬೇಕು, ಯಾವುದು ಮುಚ್ಚಬೇಕು ಎಂಬುದನ್ನು, ಆ ಆಪರೇಟರೇ ಬೋರ್ಡ್ ಮೇಲೆ ಬರೆದು ತೋರಿಸಿದ್ದರು. ಅದನ್ನು ಹಾಳೆಗೆ ಇಳಿಸಿ ಕನ್ಸೋಲ್ ಪಕ್ಕ ಅಂಟಿಸಿದ್ದೇನೆ.