ಬಟ್ಟೆ ಆಮೇಲೆ, ಮೊದಲು ಕಾಗದ

ನಾನು ಕ್ವಿಲ್ಟ್, ಅಂದರೆ ಬಟ್ಟೆಯ ತುಂಡು ಸೇರಿಸಿ ಮಾಡುವ ಹೊದಿಕೆ, ಹೊಲಿಯುತ್ತೇನೆ ಅಂತ ಗೊತ್ತಾದವರೆಲ್ಲ ಮೊದಲು ಕೇಳುವುದು ಸಾಮಾನಿನ ಬಗ್ಗೆ. ಆ ಉರುಳುವ ಬ್ಲೇಡಿನ ಕಟರ್ ಎಲ್ಲಿ ಸಿಗುತ್ತದೆ, ಅಡಿಗೆ ಹಾಸುವ ಹಸಿರು ಮ್ಯಾಟ್‌ಗೆ ಎಷ್ಟಾಯಿತು, ಉಡುಪಿಯಲ್ಲಿ ಸಿಗುತ್ತದಾ ಅಥವಾ ಆನ್‌ಲೈನ್ ತರಿಸಬೇಕಾ. ಅದೆಲ್ಲ ಆಮೇಲೆ ನೋಡುವ. ಆರು ಮೂಲೆಯ ಸಣ್ಣ ಸಣ್ಣ ತುಂಡು ಸೇರಿಸಿ ಕೈಯಲ್ಲೇ ಹೊಲಿಯುವ ಕ್ವಿಲ್ಟ್‌ಗೆ ಮನೆಯಲ್ಲಿರುವ ಕತ್ತರಿ ಸಾಕು, ಅದು ಹರಿತ ಇದ್ದರೆ ಆಯಿತು. ಬಟ್ಟೆ ಒಂಚೂರು ಆಚೀಚೆ ಆದರೂ ನಡೆಯುತ್ತದೆ. ಕಾಗದ ಮಾತ್ರ ಆಚೀಚೆ ಆಗಬಾರದು.

ಕಾಗದ ಯಾಕೆ ಅಂತ ಹೇಳುತ್ತೇನೆ. ಬಟ್ಟೆಯಲ್ಲಿ ಉದ್ದಕ್ಕೆ ಒಂದು ಎಳೆ, ಅಡ್ಡಕ್ಕೆ ಒಂದು ಎಳೆ. ಎಳೆಯ ಜೊತೆಗೇ ಕತ್ತರಿಸಿದ ಅಂಚು ಎಳೆದರೂ ಅಲುಗುವುದಿಲ್ಲ, ಓರೆಯಾಗಿ ಕತ್ತರಿಸಿದ್ದು ಮಾತ್ರ ರಬ್ಬರಿನ ಹಾಗೆ ಹಿಗ್ಗುತ್ತದೆ. ಟೈಲರುಗಳು ‘ಕ್ರಾಸ್’ ಅನ್ನುವುದು ಇದಕ್ಕೇ. ಹೆಕ್ಸಾಗನ್ನಿನ ಆರು ಬದಿಗಳಲ್ಲಿ ಎದುರುಬದುರಿನ ಎರಡು ಮಾತ್ರ ಎಳೆಯ ಜೊತೆ ಬರುತ್ತವೆ, ಉಳಿದ ನಾಲ್ಕೂ ಓರೆಯೇ, ನೀವು ತುಂಡನ್ನು ಹೇಗೆ ತಿರುಗಿಸಿ ಇಟ್ಟರೂ ಇದನ್ನು ತಪ್ಪಿಸಲಿಕ್ಕೆ ಆಗುವುದಿಲ್ಲ. ಹಾಗೇ ಹೊಲಿಯುತ್ತಾ ಹೋದರೆ ಒಂದು ಕಡೆ ಎಳೆದು ಇನ್ನೊಂದು ಕಡೆ ಉಬ್ಬಿ, ಕೊನೆಗೆ ನೆಲದ ಮೇಲೆ ಹಾಸಿದರೆ ಎಲ್ಲೂ ಸಪಾಟಾಗಿ ಕೂರುವುದಿಲ್ಲ. ಅದಕ್ಕೆ ಒಳಗೆ ಕಾಗದ ಇಟ್ಟು, ಬಟ್ಟೆಯ ಅಂಚನ್ನು ಅದರ ಮೇಲೆ ಮಡಚಿ, ಕಚ್ಚಾ ಹೊಲಿಗೆ ಹಾಕಿ ಹಿಡಿದಿಡುವುದು. ಇಂಗ್ಲಿಷ್ ಪೇಪರ್ ಪೀಸಿಂಗ್ ಅನ್ನುವ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ. ತುಂಡಿನ ಅಳತೆ ನಿರ್ಧಾರ ಮಾಡುವುದು ಕಾಗದ. ಹಾಗಿರುವಾಗ ಬಟ್ಟೆಯನ್ನು ಕೂದಲೆಳೆ ವ್ಯತ್ಯಾಸ ಬಾರದ ಹಾಗೆ ಕತ್ತರಿಸಲು ಸಾವಿರಗಟ್ಟಲೆ ಸುರಿಯುವುದು ಯಾಕೆ ಮಾರಾಯ್ರೆ?

ಕಾಗದದ ಮೇಲೆ ಇಟ್ಟು ಗೆರೆ ಎಳೆಯುವ ಅಚ್ಚು ಮಾಡಲು ಮಕ್ಕಳ ಕಂಪಾಸ್ ಬಾಕ್ಸಿನ ಕೈವಾರ ತೆಗೆದುಕೊಳ್ಳಿ. ಒಂದು ಇಂಚು ತೆರೆದು ವೃತ್ತ ಎಳೆಯಿರಿ. ಕೈವಾರ ಬದಲಿಸದೆ ಅದೇ ಅಳತೆಯಲ್ಲಿ ವೃತ್ತದ ಸುತ್ತ ಗುರುತು ಮಾಡುತ್ತಾ ಹೋಗಿ, ಆರನೆಯದಕ್ಕೆ ಸರಿಯಾಗಿ ಹೊರಟಲ್ಲಿಗೇ ಬಂದು ಮುಟ್ಟುತ್ತದೆ. ಆರು ಚುಕ್ಕಿ ಸೇರಿಸಿದರೆ ಪ್ರತಿ ಬದಿ ಒಂದು ಇಂಚಿನ ಹೆಕ್ಸಾಗನ್. ಈ ಕೆಲಸದಲ್ಲಿ ‘ಒಂದು ಇಂಚಿನದ್ದು’ ಅಂದರೆ ಬದಿಯ ಅಳತೆ, ನೆನಪಿರಲಿ. ಮೂಲೆಯಿಂದ ಎದುರು ಮೂಲೆಗೆ ಅದು ಎರಡು ಇಂಚು, ಬದಿಯಿಂದ ಎದುರು ಬದಿಗೆ 1.73 ಇಂಚು. ಇದನ್ನು ಹಳೆಯ ಎಕ್ಸ್‌ರೇ ಫಿಲ್ಮಿನ ಮೇಲೆ ಗೀರಿ ಕತ್ತರಿಸಿಟ್ಟುಕೊಳ್ಳಿ. ರಟ್ಟಿನ ಅಚ್ಚಿನ ಅಂಚು ಪೆನ್ಸಿಲ್ ತಾಗಿ ತಾಗಿ ಸವೆದು ಸಣ್ಣದಾಗುತ್ತದೆ, ಎಕ್ಸ್‌ರೇ ಫಿಲ್ಮ್ ಅಷ್ಟು ಬೇಗ ಸವೆಯುವುದಿಲ್ಲ. ಯಾರದೋ ಮೊಣಕಾಲು, ಯಾರದೋ ಎದೆ, ಎಲ್ಲರ ಮನೆಯ ಕಪಾಟಿನ ಮೇಲೂ ಒಂದೆರಡು ಇದ್ದೇ ಇರುತ್ತವೆ ಅಲ್ವಾ.

ಇನ್ನು ಕಾಗದ. ನೋಟ್‌ಬುಕ್ಕಿನ ಹಾಳೆ ತೆಳು, ಮಡಚುವಾಗ ಮೂಲೆ ಮುದುಡುತ್ತದೆ. ಚಪ್ಪಲಿ ಪೆಟ್ಟಿಗೆಯ ರಟ್ಟು ದಪ್ಪ, ಸೂಜಿ ತಾಗಿದರೆ ಬೆರಳು ನೋಯುತ್ತದೆ. ನನ್ನ ಲೆಕ್ಕದಲ್ಲಿ ಮದುವೆ ಕಾಗದದಷ್ಟು ಒಳ್ಳೆಯದು ಬೇರೆ ಇಲ್ಲ. ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆ ಮನೆಗೆ ಬಂದು ಬೀಳುವ ಕಾಗದಗಳಿಗೆ ಲೆಕ್ಕ ಉಂಟಾ? ದಪ್ಪ ಹದವಾಗಿರುತ್ತದೆ, ನುಣುಪಾಗಿರುತ್ತದೆ, ಬಟ್ಟೆ ಹೊಲಿದಾದ ಮೇಲೆ ಎಳೆದರೆ ಸಲೀಸಾಗಿ ಜಾರಿ ಬರುತ್ತದೆ. ಮಿಂಚಿನ ಪುಡಿ ಉದುರುವಂಥದ್ದು, ವೆಲ್ವೆಟ್ ಅಂಟಿಸಿದ್ದು ಬೇಡ. ಕತ್ತರಿಸುವಾಗ ಓದುತ್ತಾ ಕೂತರೆ ಕೆಲಸ ಆಗುವುದಿಲ್ಲ ಅನ್ನುವುದೊಂದೇ ತೊಂದರೆ. ಒಂದು ತುಂಡಿನಲ್ಲಿ ‘ಚಿ. ರಾ.’ ಅಷ್ಟೇ ಉಳಿದಿರುತ್ತದೆ, ಹುಡುಗ ಯಾವ ತುಂಡಿಗೆ ಹೋದನೋ ಗೊತ್ತಿಲ್ಲ. ಇನ್ನೊಂದರಲ್ಲಿ ‘ಆಶೀರ್ವಾದವೇ ಉಡು’ ಅಂತ, ಕೆಳಗೆ ಅರ್ಧ ಗಣಪತಿ.

ಇದೇನೂ ಹೊಸ ಉಪಾಯ ಅಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ಇದಕ್ಕೆ ಬಳಸುತ್ತಿದ್ದದ್ದು ಹಳೆಯ ಪತ್ರಗಳು, ಅಂಗಡಿ ಬಿಲ್ಲುಗಳು, ಲೆಕ್ಕದ ಪುಸ್ತಕದ ಹಾಳೆಗಳು. ಕಾಗದ ಆಗ ಅಗ್ಗ ಇರಲಿಲ್ಲ. ಅರ್ಧಕ್ಕೆ ನಿಂತ ಕ್ವಿಲ್ಟ್‌ಗಳಲ್ಲಿ ಆ ಕಾಗದಗಳು ಹಾಗೇ ಉಳಿದಿರುವುದರಿಂದ, ಅವುಗಳ ಮೇಲಿನ ಬರಹ ಓದಿ ಆ ಕ್ವಿಲ್ಟ್ ಯಾವ ಕಾಲದ್ದು ಅಂತ ಅಂದಾಜು ಮಾಡುತ್ತಾರೆ. 1718 ಅಂತ ಇಸವಿಯನ್ನೇ ಹೊಲಿದಿರುವ ಒಂದು ರೇಷ್ಮೆಯ ಹೊದಿಕೆ ಇದೆ, ಅದರ ಒಳಗೆ ಈಗಲೂ ಕಾಗದಗಳಿವೆ. ಅಮೆರಿಕದ ಗೋಡೀಸ್ ಲೇಡೀಸ್ ಬುಕ್ ಅನ್ನುವ ಮಹಿಳೆಯರ ಪತ್ರಿಕೆ 1835ರಲ್ಲಿ ಹೆಕ್ಸಾಗನ್ ಮಾದರಿಯನ್ನು ಪ್ರಕಟಿಸಿತ್ತು. ಆಮೇಲೆ 1930ರ ದಶಕದಲ್ಲಿ, ಅಲ್ಲಿ ಜನರ ಕೈಯಲ್ಲಿ ದುಡ್ಡಿಲ್ಲದ ಕಾಲದಲ್ಲಿ, ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು ತುಂಡು ಇಟ್ಟು ಹೂ ಮಾಡುವ ಗ್ರಾಂಡ್‌ಮದರ್ಸ್ ಫ್ಲವರ್ ಗಾರ್ಡನ್ ಮನೆಮಾತಾಯಿತು. ಒಂದು ಹೂವಿಗೆ 19 ತುಂಡು. ಚಿಂದಿ ಬಟ್ಟೆಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಬೇಕಾ?

ಕಾಗದ ಕತ್ತರಿಸುವಾಗ ಎರಡು ಹಾಳೆಗಿಂತ ಜಾಸ್ತಿ ಒಟ್ಟಿಗೆ ಇಡಬೇಡಿ. ಕತ್ತರಿಸಿದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಮೇಜಿನ ಮೇಲೆ ತಟ್ಟಿ, ಕಣ್ಣಿನ ಮಟ್ಟಕ್ಕೆ ಎತ್ತಿ ಬದಿಯಿಂದ ನೋಡಿ. ಎದ್ದು ಕಾಣುವುದನ್ನು ತೆಗೆದು ಎಸೆಯಿರಿ, ಕನಿಕರ ಬೇಡ. ಒಂದು ತುಂಡಿನಲ್ಲಿ ಒಂದು ಮಿಲಿಮೀಟರ್ ಅಂದರೆ ಏನೂ ಅಲ್ಲ ಅನಿಸುತ್ತದೆ, ಮೂವತ್ತು ತುಂಡಿನ ಸಾಲಿನಲ್ಲಿ ಅದು ಮೂರು ಸೆಂಟಿಮೀಟರ್ ಆಗಿ ಕೂತಿರುತ್ತದೆ. ಪಂಚಿಂಗ್ ಮೆಷಿನ್ ಇದ್ದರೆ ಪ್ರತಿ ಕಾಗದದ ನಡುವೆ ಒಂದು ತೂತು ಹಾಕಿಡಿ. ಆಮೇಲೆ ಕ್ರೋಶಾ ಕಡ್ಡಿಯ ತುದಿ ಸಿಕ್ಕಿಸಿ ಎಳೆಯಲು ಸುಲಭ, ಹರಿಯದೆ ಬಂದ ಕಾಗದವನ್ನು ಮತ್ತೆ ಮತ್ತೆ ಉಪಯೋಗಿಸಬಹುದು.

ಬಟ್ಟೆಗೆ ನಾನು ಕೈ ಹಾಕುವುದು ರವಿಕೆ ಕಣದ ರಾಶಿಗೆ. ಪೂಜೆಗೆ ಹೋದರೆ ಒಂದು, ಮದುವೆಗೆ ಹೋದರೆ ಒಂದು. ಮ್ಯಾಚಿಂಗ್ ಸೀರೆ ಯಾವತ್ತೂ ಸಿಗುವುದಿಲ್ಲ. ಅದರಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರ್, ಮಡಚಿದರೆ ಗೆರೆ ನಿಲ್ಲುವುದಿಲ್ಲ. ಅನುಮಾನ ಇದ್ದರೆ ಅಂಚಿನಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹಳೆಯ ಉಡುಪಿ ಸೀರೆ ಯಾರಾದರೂ ಕೊಟ್ಟರೆ ಬೇಡ ಅನ್ನಬೇಡಿ, ಒಗೆದು ಒಗೆದು ಮೆತ್ತಗಾದ ಕೈಮಗ್ಗದ ಹತ್ತಿ ಬೆರಳಿಗೆ ಹೇಳಿದ ಹಾಗೆ ಕೇಳುತ್ತದೆ. ಮಡಿಕೆ ಬಿದ್ದಲ್ಲಿ ಸವೆದಿರುತ್ತದೆ, ಬೆಳಕಿಗೆ ಹಿಡಿದು ಆ ಭಾಗ ಬಿಟ್ಟು ಕತ್ತರಿಸಿ. ಟೈಲರ್ ಅಂಗಡಿಯ ಚೀಲ ಇನ್ನೊಂದು ನಿಧಿ. ನಾನು ಹೋಗುವ ಅಂಗಡಿಯವರು “ಎಂತ ಅಕ್ಕ, ಇದರಲ್ಲಿ ಕರ್ಚೀಫ್ ಸಹ ಆಗ್ಲಿಕ್ಕಿಲ್ಲ” ಅಂತ ನಗುತ್ತಲೇ ಚೀಲ ತುಂಬಿಸಿ ಕೊಡುತ್ತಾರೆ.

ಯಾವ ಬಟ್ಟೆಯಾದರೂ ಮೊದಲು ಒಗೆಯಿರಿ. ಕಡು ಕೆಂಪು, ನೀಲಿ ಇದ್ದರೆ ಒಂದು ಬಿಳಿ ಚಿಂದಿಯ ಜೊತೆ ನೆನೆಸಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಮತ್ತೆ ಒಗೆಯಿರಿ, ಆಮೇಲೂ ಬಿಡುತ್ತಿದ್ದರೆ ಆ ಬಟ್ಟೆ ಎಷ್ಟೇ ಚಂದ ಇರಲಿ, ಪಕ್ಕಕ್ಕೆ ಇಡಿ.

ಕತ್ತರಿಸುವುದು ನಿಜಕ್ಕೂ ಸುಲಭ. ಒಂದು ಇಂಚಿನ ಕಾಗದಕ್ಕೆ ಎರಡೂವರೆ ಇಂಚಿನ ಚೌಕ, ಒಂದೂವರೆ ಇಂಚಿನದ್ದಕ್ಕೆ ಮೂರೂವರೆ ಇಂಚಿನ ಚೌಕ. ಉದ್ದಕ್ಕೆ ಪಟ್ಟಿ, ಪಟ್ಟಿಯಿಂದ ಚೌಕ, ಅಷ್ಟೇ. ಕಾಗದ ನಡುವೆ ಇಟ್ಟು ನಾಲ್ಕು ಮೂಲೆಯನ್ನು ಕಾಲು ಇಂಚು ಬಿಟ್ಟು ಅಂದಾಜಿಗೆ ಕತ್ತರಿಸಿ ತೆಗೆಯಿರಿ. 80 ಸೆಂಟಿಮೀಟರ್ ಉದ್ದ, 36 ಇಂಚು ಅಗಲದ ಒಂದು ಕಣದಲ್ಲಿ ಎರಡೂವರೆ ಇಂಚಿನ 168 ಚೌಕ ಬರುತ್ತದೆ. ಒಬ್ಬರು ಮಲಗುವ ಮಂಚಕ್ಕೆ 60ಕ್ಕೆ 90 ಇಂಚಿನ ಕ್ವಿಲ್ಟ್ ಬೇಕಾದರೆ ಒಂದು ಇಂಚಿನ ತುಂಡು ಎರಡು ಸಾವಿರದ ಮೇಲೆ ಬೇಕು, ಒಂದೂವರೆ ಇಂಚಿನದ್ದಾದರೆ ಒಂಬೈನೂರ ಚಿಲ್ಲರೆಯಲ್ಲಿ ಮುಗಿಯುತ್ತದೆ. ಹೊಸಬರು ಯಾವುದು ಆರಿಸಬೇಕು ಅಂತ ನಾನು ಬೇರೆ ಹೇಳಬೇಕಾಗಿಲ್ಲ ತಾನೆ?

ಒಂದು ಕಡೆ ಮಾತ್ರ ನಿಧಾನ ಮಾಡಿ. ಬಟ್ಟೆಯಲ್ಲಿ ಹೂವೋ ಮಾವಿನಕಾಯಿಯೋ ಇದ್ದರೆ ಅದು ಸರಿಯಾಗಿ ನಡುವೆ ಬರುವಂತೆ ಕತ್ತರಿಸುವ ಜಾಗ ಅದು. ರಟ್ಟಿನಲ್ಲಿ ಹೆಕ್ಸಾಗನ್ ಆಕಾರದ ಕಿಟಕಿ ಕೊರೆದು ಬಟ್ಟೆಯ ಮೇಲೆ ಸರಿಸುತ್ತಾ ಹೋಗಿ. ಸಾಧಾರಣ ಪ್ರಿಂಟಿನಲ್ಲೂ ಎಲ್ಲೋ ಒಂದು ಕಡೆ ಎಲೆಯ ತುದಿ, ಬಳ್ಳಿಯ ಸುರುಳಿ ಸರಿಯಾಗಿ ಕೂರುತ್ತದೆ. ಒಂದೇ ಚಿತ್ರದ ಆರು ತುಂಡು ತೆಗೆದು ನಡುವಿನ ತುಂಡಿನ ಸುತ್ತ ಜೋಡಿಸಿದರೆ ಬಟ್ಟೆಯಲ್ಲಿ ಇಲ್ಲದ ಒಂದು ರಂಗೋಲಿಯೇ ಏಳುತ್ತದೆ. ಬಟ್ಟೆ ತೂತು ತೂತಾಗಿ ಉಳಿಯುತ್ತದೆ, ಉಳಿಯಲಿ ಬಿಡಿ.

ಕಚ್ಚಾ ಹೊಲಿಗೆಗೆ ಬದಲು ಗ್ಲೂ ಸ್ಟಿಕ್ ಹಚ್ಚಿದರೆ ಬೇಗ ಆಗುತ್ತದೆ ಅನ್ನುವವರಿದ್ದಾರೆ. ನಮ್ಮ ಊರಿನ ಮಳೆಗಾಲಕ್ಕೆ ನನಗದು ಒಗ್ಗುವುದಿಲ್ಲ. ಜೂನ್ ನಂತರ ಕಪಾಟಿನ ಒಳಗೆ ಅಂಟು, ಗಂಜಿ, ಕಾಗದ ಏನಿದ್ದರೂ ಬೂಷ್ಟು ಹಿಡಿಯುತ್ತದೆ, ಅದರ ಮೇಲೆ ಬೆಳ್ಳಿ ಹುಳದ ಕಾಟ. ನೂಲಿನಲ್ಲೇ ಹಿಡಿದಿಡಿ. ಅದೂ ಕಾಗದಕ್ಕೆ ಸೂಜಿ ಚುಚ್ಚದೆ, ಬರೀ ಮಡಚಿದ ಮೂಲೆಗಳಲ್ಲಿ ಬಟ್ಟೆಗೆ ಬಟ್ಟೆ ಸೇರಿಸಿ ಎರಡೆರಡು ಹೊಲಿಗೆ ಹಾಕಿ. ಹೀಗೆ ಮಾಡಿದರೆ ಆ ನೂಲನ್ನು ಆಮೇಲೆ ಬಿಚ್ಚಬೇಕಾಗಿಲ್ಲ. ಮತ್ತೆ, ಮಳೆಗಾಲದಲ್ಲಿ ಗುಂಡುಪಿನ್ ಚುಚ್ಚಿ ಬಟ್ಟೆ ಹಾಗೇ ಬಿಡಬೇಡಿ, ತುಕ್ಕಿನ ಕಲೆ ಸುಲಭಕ್ಕೆ ಹೋಗುವಂಥದ್ದಲ್ಲ.

ಎರಡು ತುಂಡು ಸೇರಿಸುವಾಗ ಒಳ್ಳೆಯ ಮುಖ ಒಳಗೆ ಬರುವಂತೆ ಜೋಡಿಸಿ, ಮೂಲೆಗೆ ಮೂಲೆ ಕೂರಿಸಿ, ಅಂಚಿನ ಮೇಲೆ ಸುತ್ತಿ ಸುತ್ತಿ ಹೊಲಿಯಬೇಕು. ಸೂಜಿ ಮಡಿಕೆಯ ಒಂದೆರಡು ಎಳೆಯನ್ನಷ್ಟೇ ಹಿಡಿಯಬೇಕು, ತುದಿ ಕಾಗದಕ್ಕೆ ತಾಗಿ ಜಾರಿದ್ದು ಬೆರಳಿಗೆ ಗೊತ್ತಾಗುತ್ತದೆ. ಇಂಚಿಗೆ ಹತ್ತು ಹನ್ನೆರಡು ಹೊಲಿಗೆ ಸಾಕು. ತೆಳ್ಳಗಿನ ಬೂದು ಬಣ್ಣದ ನೂಲು ಎಲ್ಲ ಬಟ್ಟೆಗೂ ಹೊಂದುತ್ತದೆ. ಚೌಕ ಸೇರಿಸಿದರೆ ಒಂದು ಜಾಗದಲ್ಲಿ ನಾಲ್ಕು ಮೂಲೆ ಸೇರಿ ಗಂಟಾಗುತ್ತದೆ, ತ್ರಿಕೋನದಲ್ಲಿ ಆರು. ಹೆಕ್ಸಾಗನ್ನಿನಲ್ಲಿ ಮೂರೇ ಮೂರು, ಅದಕ್ಕೇ ಅದು ಸಪಾಟಾಗಿ ಕೂರುವುದು. ಒಂದು ತುಂಡಿನ ಆರೂ ಬದಿಗೆ ನೆರೆಯವರು ಬರುವ ತನಕ ಅದರ ಕಾಗದ ತೆಗೆಯಬೇಡಿ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಅನ್ನುವ ಕ್ವಿಲ್ಟಿನ ಲೆಕ್ಕವೇ ಬೇರೆ. ಅವರು ಹೊರಗಿನ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಕಾಗದ ಇಲ್ಲ, ಅಚ್ಚಿಲ್ಲ. ತುಂಡುಗಳನ್ನು ಅಡಿಬಟ್ಟೆಗೆ ಸೇರಿಸಿಯೇ ಹೊಲಿಯುವುದರಿಂದ ಕೊನೆಗೆ ಅಂಚು ಕಟ್ಟುವ ಕೆಲಸವೂ ಇಲ್ಲ, ಮೂಲೆಗಳಿಗೆ ‘ಫುಲಾ’ ಅನ್ನುವ ಮಡಚಿದ ಬಟ್ಟೆಯ ಹೂ ಇಟ್ಟರೆ ಮುಗಿಯಿತು. ನಮ್ಮದು ನಡುವಿನಿಂದ ಹೊರಗೆ ಬೆಳೆಯುವುದು, ಹಾಗಾಗಿ ಎಲ್ಲ ಮುಗಿದ ಮೇಲೆ ಹಲ್ಲು ಹಲ್ಲಿನ ಅಂಚು ಉಳಿಯುತ್ತದೆ. ಕೆಲವರು ಅದನ್ನು ನೇರ ಕತ್ತರಿಸಿಬಿಡುತ್ತಾರೆ. ಅಷ್ಟು ಕಷ್ಟಪಟ್ಟು ಹೊಲಿದದ್ದಕ್ಕೆ ಕತ್ತರಿ ಹಾಕಲು ನನಗೆ ಮನಸ್ಸಿಲ್ಲ. ಹಳೆಯ ಪಂಚೆಯ ಅಗಲ ಪಟ್ಟಿಯನ್ನು ಸುತ್ತ ಹಾಸಿ, ಹಲ್ಲುಗಳನ್ನು ಅದರ ಮೇಲೆ ಕೂರಿಸಿ ಹೊಲಿಯುತ್ತೇನೆ. ಒಳಗೆ ದಪ್ಪ ಹತ್ತಿಯ ಪದರ ನಮ್ಮ ಸೆಖೆಗೆ ಬೇಡವೇ ಬೇಡ, ಒಂದು ಹಳೆಯ ಬೆಡ್‌ಶೀಟ್ ಸಾಕು. ಒಗೆಯುವುದಿದ್ದರೆ ಮೇ ತಿಂಗಳ ಒಳಗೇ ಒಗೆದುಕೊಳ್ಳಿ, ಮಳೆ ಶುರುವಾದರೆ ಮತ್ತೆ ಒಣಗಲಿಕ್ಕಿಲ್ಲ.