ಪೆಟ್ರಿಕಿವ್ಕಾ ಹೂಚಿತ್ರಕ್ಕೆ ಬೆಕ್ಕಿನ ಕೂದಲಿನ ಕುಂಚವೇ ಆಗಬೇಕೆ?

ಉಕ್ರೇನಿನ ಪೆಟ್ರಿಕಿವ್ಕಾ ಚಿತ್ರಕಲೆಯ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಬೇರೆ ಕುಂಚದಲ್ಲೂ ಬರೆಯಬಹುದು. ಆದರೆ ಅದರ ತುದಿ ಬೆಕ್ಕಿನ ಕೂದಲಿನಷ್ಟೇ ಚೂಪಾಗಿ ಕೂಡಿಕೊಳ್ಳಬೇಕು. ಇಲ್ಲಿ ಮೊದಲು ಗೆರೆ ಎಳೆದು ಆಮೇಲೆ ಬಣ್ಣ ತುಂಬುವ ಪದ್ಧತಿ ಇಲ್ಲ. ಕುಂಚವನ್ನು ಒತ್ತಿ, ಎಳೆದು, ಎತ್ತಿದಾಗ ಏನು ಮೂಡುತ್ತದೋ ಅದೇ ಎಸಳು, ಅದೇ ಎಲೆ.

ಪೆಟ್ರಿಕಿವ್ಕಾ ಎಂಬ ಊರು ಇರುವುದು ದ್ನಿಪ್ರೊಪೆಟ್ರೊವ್ಸ್ಕ್ ಪ್ರಾಂತ್ಯದಲ್ಲಿ, ಝಪೊರೀಝಿಯಾ ಕೊಸಾಕರೆಂಬ ಯೋಧ ಸಮುದಾಯದ ಹಳೆಯ ನೆಲದಲ್ಲಿ. ಸುಣ್ಣ ಬಳಿದ ಗೋಡೆ ಮತ್ತು ಒಲೆಯ ಮೇಲೆ ಹೂಬಳ್ಳಿ ಬರೆಯುವುದು ಹೆಂಗಸರ ಕೆಲಸವಾಗಿತ್ತು. ಹಬ್ಬಕ್ಕೆ ಮುಂಚೆ ಗೋಡೆಗೆ ಮತ್ತೆ ಸುಣ್ಣ ಬಿದ್ದರೆ ಹಳೆಯ ಚಿತ್ರ ಹೋಯಿತು, ಹೊಸದು ಬಂತು. ಹೀಗಾಗಿ ಹಳೆಯ ಗೋಡೆಚಿತ್ರ ಉಳಿದಿರುವುದು ಅಪರೂಪ. ಮುಂದೆ ಕಾಗದದ ಮೇಲೆ ಬರೆದ ‘ಮಲ್ಯೋವ್ಕಾ’ಗಳು ಸಂತೆಗೆ ಬಂದವು. ಕೊಂಡವರು ಅವನ್ನು ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. 1936ರಲ್ಲಿ ಊರಿನಲ್ಲೇ ಅಲಂಕಾರಿಕ ಚಿತ್ರಕಲೆಯ ಶಾಲೆ ಶುರುವಾಯಿತು. ಅಲ್ಲಿ ಕಲಿಸಿದವರು ತೆತ್ಯಾನಾ ಪಾತಾ. ಅವರ ಶಿಷ್ಯೆ ಮಾರ್ಫಾ ತಿಮ್ಚೆಂಕೊ ಕೀವ್‌ಗೆ ಹೋಗಿ ಇದೇ ಕೈಚಳಕವನ್ನು ಪಿಂಗಾಣಿಯ ಮೇಲೆ ತಂದರು. 2013ರಲ್ಲಿ ಈ ಕಲೆ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ಕಪ್ಪು ಹಿನ್ನೆಲೆಯ ಮೆರುಗಿನ ಡಬ್ಬಿಗಳನ್ನು ನೋಡಿ ಅದೇ ಮೂಲ ಶೈಲಿ ಎಂದುಕೊಳ್ಳುವವರು ಬಹಳ. ಅದು ಸೋವಿಯತ್ ಕಾಲದ ಕಾರ್ಖಾನೆಯ ರೂಢಿ. ಹಳೆಯದು ಬಿಳಿ ಹಿನ್ನೆಲೆಯೇ.

ಬೆಕ್ಕಿನ ಕುಂಚಕ್ಕೆ ಅಲ್ಲಿ ‘ಕೊಶಾಚ್ಕಾ’ ಅನ್ನುತ್ತಾರೆ. ಬೆಕ್ಕಿನ ಮೈಯಿಂದ ಕತ್ತರಿಸಿದ ಕೂದಲನ್ನು ಸೋಪಿನಲ್ಲಿ ತೊಳೆದು ಜಿಡ್ಡು ತೆಗೆದು, ತುದಿಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿ, ಸುಮಾರು 2 ಸೆಂ.ಮೀ. ಹೊರಗೆ ಬಿಟ್ಟು ಸಣ್ಣ ಕಡ್ಡಿಗೆ ದಾರದಿಂದ ಬಿಗಿಯಬೇಕು. ಏರುಪೇರಾದ ತುದಿಯನ್ನು ಕತ್ತರಿಯಿಂದ ಸಮ ಮಾಡಿದಿರೋ, ಕುಂಚ ಕೆಟ್ಟಿತು. ಕೂದಲಿನ ಸಹಜ ಮೊನೆಯೇ ಅದರ ಬಂಡವಾಳ. ನಮ್ಮ ಹಸೆ ಚಿತ್ತಾರಕ್ಕೆ ಬಳಸುವ ಪುಂಡಿ ನಾರು ಗಡುಸು, ನೇರ ಗೆರೆಗೆ ಹೇಳಿ ಮಾಡಿಸಿದ್ದು. ಪೆಟ್ರಿಕಿವ್ಕಾದಲ್ಲಿ ನೇರ ಗೆರೆಗೆ ಕೆಲಸವೇ ಕಡಿಮೆ, ಅಲ್ಲಿ ಕುಂಚ ಬಾಗಬೇಕು.

ಕುಂಚದ ಮುಖ್ಯ ಹೊಡೆತಗಳಲ್ಲಿ ಮೂರು ಇಲ್ಲಿವೆ. ‘ಹ್ರೆಬಿನೆಟ್ಸ್’, ಅಂದರೆ ಬಾಚಣಿಗೆ: ಒತ್ತಿ ದಪ್ಪವಾಗಿ ಶುರುಮಾಡಿ, ಎಳೆಯುತ್ತ ಒತ್ತಡ ಬಿಟ್ಟು ಸಣ್ಣ ಬಾಲದಲ್ಲಿ ಮುಗಿಸುವುದು. ‘ಝೆರ್ನ್ಯಾತ್ಕೊ’, ಅಂದರೆ ಕಾಳು: ಇದರ ತಿರುಗುಮುರುಗು, ಮೊನೆಯಿಂದ ಶುರುವಾಗಿ ಕೊನೆಗೆ ಒತ್ತು. ಮೂರನೆಯದು ಎರಡು ಬಣ್ಣದ ಹೊಡೆತ. ಕುಂಚವನ್ನೆಲ್ಲ ಹಳದಿಯಲ್ಲಿ ಅದ್ದಿ, ತುದಿಗೆ ಮಾತ್ರ ಕೆಂಪು ಮುಟ್ಟಿಸಿ ಒಂದೇ ಸಲಕ್ಕೆ ಒತ್ತಿದರೆ, ಎಸಳಿನಲ್ಲಿ ಕೆಂಪು ತಾನಾಗಿ ಹಳದಿಗೆ ತಿರುಗುತ್ತದೆ. ನಾಲ್ಕೈದು ಹೊಡೆತ ಆಗುವಷ್ಟರಲ್ಲಿ ಬಣ್ಣಗಳು ಬೆರೆತು ಮಂಕಾಗುತ್ತವೆ. ಆಗ ತೊಳೆದು ಹೊಸದಾಗಿ ಅದ್ದಿ. ಕಲೀನಾ ಗಿಡದ ಕೆಂಪು ಹಣ್ಣಿಗಂತೂ ಕುಂಚವೇ ಬೇಡ, ಬೆರಳ ತುದಿ ಸಾಕು.

ಕೈ ಸೋಲುವುದಕ್ಕಿಂತ ಹೆಚ್ಚಾಗಿ ಬಣ್ಣದ ಹದ ತಪ್ಪುತ್ತದೆ. ಹಿಂದೆ ಬಣ್ಣಕ್ಕೆ ಮೊಟ್ಟೆಯ ಹಳದಿ ಬೆರೆಸುತ್ತಿದ್ದರು. ಇದಕ್ಕೆ ಹಳದಿಯ ಪೊರೆ ಚುಚ್ಚಿ ಒಳಗಿನದನ್ನು ಮಾತ್ರ ತೆಗೆಯಬೇಕು. ಬಣ್ಣದ ಪುಡಿಯನ್ನು ನೀರಿನಲ್ಲಿ ಅರೆದು, ಅಷ್ಟೇ ಹಳದಿ ಸೇರಿಸಬೇಕು. ಹಳದಿ ಕಡಿಮೆಯಾದರೆ ಒಣಗಿದ ಮೇಲೆ ಬಣ್ಣ ಬೆರಳಿಗೆ ಹತ್ತುತ್ತದೆ, ಹೆಚ್ಚಾದರೆ ಜಿಡ್ಡಾಗುತ್ತದೆ. ಈಗ ಗುವಾಶ್ ಎಂಬ ದಟ್ಟ ನೀರುಬಣ್ಣಕ್ಕೆ ಕೆಲವು ಹನಿ ಪಿವಿಎ (ಬಿಳಿ) ಅಂಟು ಬೆರೆಸಿದರೆ ನಡೆಯುತ್ತದೆ. ಅಂಟು ಜಾಸ್ತಿಯಾದರೆ ಕೂದಲು ಗಂಟು ಕಟ್ಟುತ್ತದೆ. ಬಣ್ಣ ಗಟ್ಟಿಯಾದರೆ ಬಾಲ ಅರ್ಧಕ್ಕೇ ಒಡೆಯುತ್ತದೆ, ನೀರಾದರೆ ಎಸಳಿನ ಅಂಚು ಹರಡುತ್ತದೆ. ತಪ್ಪಿದ ಹೊಡೆತದ ಮೇಲೆ ಇನ್ನೊಮ್ಮೆ ತಿದ್ದಲು ಹೋಗಬೇಡಿ. ಎಸಳು ಬರೀ ಕಲೆಯಾಗುತ್ತದೆ.

ಮನೆಯಲ್ಲಿ ಬೆಕ್ಕಿಲ್ಲದವರು ಅಂಗಡಿಯಲ್ಲಿ ಮೃದು ಕೂದಲಿನ, 1 ಅಥವಾ 2ನೇ ನಂಬರಿನ ದುಂಡು ಕುಂಚ ಕೇಳಿ. ಕೊಳ್ಳುವ ಮುಂಚೆ ನೀರಿನಲ್ಲಿ ಅದ್ದಿ ಒಮ್ಮೆ ಝಾಡಿಸಿ. ತುದಿ ಒಂದೇ ಮೊನೆಯಾಗಿ ಕೂಡಿದರೆ ತೆಗೆದುಕೊಳ್ಳಿ, ಎರಡಾಗಿ ಸೀಳಿದರೆ ಅಲ್ಲೇ ಬಿಟ್ಟು ಬನ್ನಿ.