ಪಚ್ಚೆ ಗಣಿಗೆ ದುಡ್ಡು ಹಾಕುವ ಮುಂಚೆ ಕೇಳಬೇಕಾದ ಲೆಕ್ಕ

ಜಾಂಬಿಯಾದಲ್ಲಿ ಪಚ್ಚೆ ಗಣಿಗೆ ಪಾಲುದಾರರನ್ನು ಹುಡುಕುವವರು ಸಾಮಾನ್ಯವಾಗಿ ಮೊದಲು ತೋರಿಸುವುದು ಒಂದು ಹಸಿರು ಹರಳನ್ನು. ಹರಳು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಆ ಗಣಿಯದೇನಾ? ಅಂಥದ್ದು ಎಷ್ಟು ತಿಂಗಳಿಗೊಮ್ಮೆ ಸಿಗುತ್ತದೆ? ಅದಕ್ಕಾಗಿ ಎಷ್ಟು ಮಣ್ಣು ಎತ್ತಿದರು? ಇದ್ಯಾವುದನ್ನೂ ಹರಳು ಹೇಳುವುದಿಲ್ಲ. ದುಡ್ಡು ಹಾಕುವವರ ಪರವಾಗಿ ಗಣಿ ನೋಡಿ ವರದಿ ಕೊಡುವುದು ನನ್ನ ಕೆಲಸ. ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠ ಇಷ್ಟು: ಪಚ್ಚೆ ಗಣಿಯಲ್ಲಿ ಮೊದಲು ಲೆಕ್ಕ ಹಾಕಬೇಕಾದದ್ದು ಕಲ್ಲು ಸಿಗದ ತಿಂಗಳುಗಳನ್ನು.

ನಾನು ಹೇಳುತ್ತಿರುವ ಜಾಗ ಕಾಪರ್‌ಬೆಲ್ಟ್ ಪ್ರಾಂತ್ಯದ ಲುಫ್ವಾನ್ಯಾಮ ಜಿಲ್ಲೆ. ಕಿಟ್ವೆ ಊರಿನ ನೈಋತ್ಯಕ್ಕೆ, ಕಾಫುಬು ನದಿಯ ಆಸುಪಾಸು. 1928ರಲ್ಲೇ ಇಲ್ಲಿ ಪಚ್ಚೆ ಕಾಣಿಸಿತ್ತು. ದೊಡ್ಡ ಮಟ್ಟದ ಕೆಲಸ ಶುರುವಾದದ್ದು 1970ರ ದಶಕದಲ್ಲಿ.

ಇಲ್ಲಿನ ಕಲ್ಲಿನ ಕಥೆ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಪಚ್ಚೆ ಆಗಬೇಕಾದರೆ ಬೆರಿಲಿಯಂ ಬೇಕು, ಬಣ್ಣ ಬರಲು ಕ್ರೋಮಿಯಂ ಬೇಕು. ಇವೆರಡು ಒಂದೇ ಕಡೆ ಸೇರುವುದು ತೀರಾ ಅಪರೂಪ. ಕಾಫುಬುವಿನಲ್ಲಿ ಬಳಪದ ಕಲ್ಲಿನ ಜಾತಿಗೆ ಸೇರಿದ ಹಳೆಯ ಪದರದಲ್ಲಿ ಕ್ರೋಮಿಯಂ ಇತ್ತು. ಸುಮಾರು 50 ಕೋಟಿ ವರ್ಷದ ಹಿಂದೆ ಬೆರಿಲಿಯಂ ಹೊತ್ತ ಪೆಗ್ಮಟೈಟ್ ಎಂಬ ಕಲ್ಲು ಅದನ್ನು ಸೀಳಿಕೊಂಡು ನುಗ್ಗಿತು. ಎರಡೂ ತಾಗಿದ ಕಡೆ ಕಪ್ಪು ಕಾಗೆಬಂಗಾರದ ಪಟ್ಟಿಯೊಂದು ಹುಟ್ಟಿತು. ಪಚ್ಚೆ ಇರುವುದು ಹೆಚ್ಚಾಗಿ ಅದರಲ್ಲಿ. ಪಟ್ಟಿಯ ಅಗಲ ಎಷ್ಟೋ ಕಡೆ ಒಂದೆರಡು ಮೀಟರ್ ಅಷ್ಟೇ. ಪಟ್ಟಿ ಸಿಕ್ಕಿತು ಅಂದ ಮಾತ್ರಕ್ಕೆ ಪಚ್ಚೆ ಸಿಕ್ಕಿತು ಅಂತಲೂ ಅಲ್ಲ. ಹತ್ತು ಹೆಜ್ಜೆ ಖಾಲಿ ಇದ್ದು, ಆಮೇಲೆ ಒಂದು ಹಿಡಿಯಷ್ಟು ಜಾಗದಲ್ಲಿ ಎಲ್ಲವೂ ತುಂಬಿಕೊಂಡಿರಬಹುದು.

ಚಿನ್ನದ ಲೆಕ್ಕ ಇಲ್ಲಿ ನಡೆಯದೇ ಇರುವುದು ಇದಕ್ಕೇ. ನಮ್ಮ ಹಟ್ಟಿಯಂಥ ಗಣಿಯಲ್ಲಿ ಕೊರೆದು ತೆಗೆದ ಕಲ್ಲನ್ನು ಪುಡಿ ಮಾಡಿ, ಟನ್ನಿಗೆ ಇಷ್ಟು ಗ್ರಾಂ ಎಂದು ಹೇಳಬಹುದು. ಆ ಗ್ರಾಂಗೆ ದಿನದ ರೇಟೂ ಇದೆ. ಪಚ್ಚೆಗೆ ಎರಡೂ ಇಲ್ಲ. ಕೊರೆದರೆ ಪದರ ಎಲ್ಲಿದೆ ಅಂತ ತಿಳಿಯುತ್ತದೆ, ಒಳಗಿನ ಹರಳಿನ ಗುಣ ತಿಳಿಯುವುದಿಲ್ಲ. ಒಂದೇ ತೂಕದ ಎರಡು ಹರಳುಗಳ ಬೆಲೆ ನೂರು ಪಟ್ಟು ಬೇರೆ ಇರಬಹುದು. ಹಾಗಾಗಿ ಯಾರಾದರೂ 'ಇಷ್ಟು ಕೋಟಿಯ ಪಚ್ಚೆ ನೆಲದೊಳಗಿದೆ' ಎಂದು ಕಾಗದದಲ್ಲಿ ಬರೆದು ತಂದರೆ ನಾನು ಆ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೇಳುವುದು ಡೀಸೆಲ್ ಬಿಲ್ಲು, ಪಂಪಿನ ಖರ್ಚು, ಎಕ್ಸ್‌ಕವೇಟರ್ ಓಡಿದ ಗಂಟೆಗಳ ಪುಸ್ತಕ. ಮಳೆಗಾಲದಲ್ಲಿ ಗುಂಡಿ ತುಂಬಿದರೆ ಬರೀ ನೀರು ಎತ್ತುವುದಕ್ಕೇ ವಾರಗಟ್ಟಲೆ ಬೇಕು. ಕಪ್ಪು ಪಟ್ಟಿ ಹತ್ತಿರ ಬಂದ ಮೇಲೆ ಸಿಡಿಮದ್ದು ಇಡುವಂತಿಲ್ಲ, ಹರಳು ಬಿರುಕು ಬಿಡುತ್ತದೆ. ಅಲ್ಲಿಂದ ಮುಂದೆ ಉಳಿ, ಸುತ್ತಿಗೆ, ಕಾವಲುಗಾರರು.

ಇಲ್ಲಿನ ದೊಡ್ಡ ಗಣಿ ಕಾಗೆಮ್. 75% ಪಾಲು ಜೆಮ್‌ಫೀಲ್ಡ್ಸ್ ಕಂಪನಿಯದು, 25% ಜಾಂಬಿಯಾ ಸರ್ಕಾರದ್ದು. 2021ರಲ್ಲಿ ಅಲ್ಲಿ 7,525 ಕ್ಯಾರಟ್ ತೂಕದ, ಅಂದರೆ ಒಂದೂವರೆ ಕಿಲೋ ಮೀರಿದ ಹರಳು ಸಿಕ್ಕಿತು. ಚಿಪೆಂಬೆಲೆ ಎಂದು ಹೆಸರಿಟ್ಟರು. ಇಂಥ ಸುದ್ದಿ ಬಂದಾಗೆಲ್ಲ ದುಡ್ಡು ಹಾಕುವ ಉತ್ಸಾಹ ಜಾಸ್ತಿಯಾಗುತ್ತದೆ. ಆದರೆ ಅದೇ ಕಾಗೆಮ್, ಮಾರುಕಟ್ಟೆ ಕುಸಿದಾಗ 2025ರ ಆರಂಭದಲ್ಲಿ ಕೆಲವು ತಿಂಗಳು ಅಗೆತ ನಿಲ್ಲಿಸಿತು. ಅಷ್ಟು ದೊಡ್ಡ ಗಣಿಗೇ ಹೀಗಾದರೆ, ಪಕ್ಕದ ಸಣ್ಣ ಲೈಸೆನ್ಸಿನವರು ತಡೆದುಕೊಳ್ಳುವುದು ಹೇಗೆ?

ತೆರಿಗೆಯನ್ನೂ ನೋಡಿ. ರಾಯಲ್ಟಿ 6%. ಅದನ್ನು ತೆಗೆಯುವುದು ಲಾಭದ ಮೇಲಲ್ಲ, ಮಾರಾಟದ ಮೇಲೆ. ರತ್ನದ ರಫ್ತಿಗೆ 15% ಸುಂಕ 2019ರಲ್ಲಿ ಬಂತು, ಮುಂದಿನ ವರ್ಷ ಅಮಾನತಾಯಿತು, 2025ರ ಜನವರಿಯಲ್ಲಿ ಮತ್ತೆ ಬಂತು, ಮಾರ್ಚ್‌ನಲ್ಲಿ ಮತ್ತೆ ಅಮಾನತಾಯಿತು. ಸುಂಕ ಜಾರಿಯಲ್ಲಿದ್ದಾಗ 100 ರೂಪಾಯಿ ಮಾರಾಟದಲ್ಲಿ 21 ರೂಪಾಯಿ ಡೀಸೆಲ್ಲಿಗೂ ಮುಂಚೆಯೇ ಹೋಯಿತು. ಸುಂಕ ಇದ್ದರೂ ಗಣಿ ಉಳಿಯುತ್ತದಾ ಅಂತ ಲೆಕ್ಕ ಮಾಡಿ. ಇಲ್ಲ ಅಂತ ಬಂದರೆ ಕೈ ಹಾಕಬೇಡಿ.

ಹಾಗಂತ ಇಲ್ಲಿ ಹೂಡಿಕೆಗೆ ಅವಕಾಶವೇ ಇಲ್ಲ ಎಂದಲ್ಲ. ಜಾಂಬಿಯಾದ ಪಚ್ಚೆಯ ತುಸು ನೀಲಿ ಬೆರೆತ ಹಸಿರಿಗೆ ಒಳ್ಳೆಯ ಹೆಸರಿದೆ. ಕಚ್ಚಾ ಹರಳಿನ ದೊಡ್ಡ ಪಾಲು ನಮ್ಮ ಜೈಪುರಕ್ಕೆ ಬಂದು ಅಲ್ಲಿ ಕತ್ತರಿಸಿ, ಉಜ್ಜಿ ಹೊಳಪು ಪಡೆಯುತ್ತದೆ. ನನಗೆ ನೋವಾಗುವುದು ಅಗೆಯುವ ಊರಿನಲ್ಲಿ ಆ ಕೆಲಸ ತೀರಾ ಕಡಿಮೆ ಇರುವುದಕ್ಕೆ. ಸಣ್ಣ ಗಣಿಯವರು ಕೂಲಿ ಕೊಡಲು ದುಡ್ಡಿಲ್ಲದೆ, ಸಿಕ್ಕ ಹರಳನ್ನು ಅದೇ ವಾರ ಸಿಕ್ಕ ಬೆಲೆಗೆ ಮಾರುತ್ತಾರೆ. ದರ್ಜೆ ವಿಂಗಡಿಸಿ, ಒಟ್ಟು ಮಾಡಿ, ಕಾದು ಮಾರಿದರೆ ಅದಕ್ಕೆ ಎಷ್ಟೋ ಒಳ್ಳೆಯ ಬೆಲೆ ಬರುತ್ತದೆ. ದೊಡ್ಡ ಗಣಿಯ ಹರಾಜುಗಳು ನಡೆಯುವುದೇ ಹಾಗೆ.

ಆದ್ದರಿಂದ ನನ್ನ ಸಲಹೆ ಕೇಳುವವರಿಗೆ ಹೇಳುತ್ತೇನೆ: ಹೊಸ ಗುಂಡಿ ತೋಡಬೇಡಿ. ಕಿಟ್ವೆಯಲ್ಲಿ ವಿಂಗಡಣೆ, ಕತ್ತರಿಸುವಿಕೆ, ಸಣ್ಣ ಗಣಿಗಳಿಗೆ ಸಾಲ, ಈ ಮೂರನ್ನೂ ಒಂದೇ ಸೂರಿನಡಿ ತನ್ನಿ. ಸ್ಥಳೀಯ ಪಾಲುದಾರರನ್ನು ಕಾಗದದ ಮೇಲೆ ಮಾತ್ರ ಇಟ್ಟುಕೊಳ್ಳಬೇಡಿ, ನಿರ್ಧಾರದಲ್ಲೂ ಕೂರಿಸಿ. ಮೊದಲ ಎರಡು ವರ್ಷ ಲಾಭ ನಿರೀಕ್ಷಿಸಬೇಡಿ. ಇಂಥ ಯೋಜನೆ ಹಿಡಿದು ಬಂದವರ ಜೊತೆ ಕೂತು ಲೆಕ್ಕ ಮಾಡಲು ನಾನು ಸಿದ್ಧ.